ಮಷೀನು ಗಟ್ಟಿ ಇದೆ, ಡ್ರೈವರ್ ಎಲ್ಲಿದೆ?

"ಇನ್ಮ್ಯಾಲೆ ಹಳೇ ಪ್ರಿಂಟರ್ ನಡೆಯಂಗಿಲ್ಲಂತ್ರೀ." ಕಲಬುರಗಿಯ ಜೆರಾಕ್ಸ್ ಅಂಗಡಿಗಳಲ್ಲಿ ಈ ಮಾತು ಓಡಾಡುತ್ತಿದೆ. ಬೀದರ್, ಯಾದಗಿರಿಯಲ್ಲೂ ಅಷ್ಟೇ. ವಿಂಡೋಸ್ 10 ಮುಗಿದದ್ದಕ್ಕೆ ಹೀಗಾಯಿತು ಅನ್ನುವವರಿದ್ದಾರೆ. ಪ್ರಿಂಟರನ್ನು ಕಂಪ್ಯೂಟರ್ ಜೊತೆ ಮಾತಾಡಿಸುವ ಸಣ್ಣ ಸಾಫ್ಟ್‌ವೇರ್, ಅಂದರೆ ಡ್ರೈವರ್, ಅದನ್ನೇ ಮೈಕ್ರೋಸಾಫ್ಟ್ ಬಂದ್ ಮಾಡಿದೆ ಅನ್ನುವವರಿದ್ದಾರೆ. ಇದೆಲ್ಲ ಹೊಸ ಪ್ರಿಂಟರ್ ಮಾರುವ ಆಟ ಅಂತ ಕೈ ಝಾಡಿಸಿದವರೂ ಇದ್ದಾರೆ. ಮೂರರಲ್ಲೂ ಚೂರುಚೂರು ನಿಜ ಇದೆ. ಮೂರನ್ನೂ ಕಲಸಿದರೆ ಮಾತ್ರ ಸುಳ್ಳಾಗುತ್ತದೆ.

ಸುದ್ದಿಯಲ್ಲಿ ಇರುವುದೇನು

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪ್ರಿಂಟರ್ ಸುದ್ದಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಪ್ರಿಂಟರ್ ಕತೆ ಶುರುವಾದದ್ದು 2023ರ ಸೆಪ್ಟೆಂಬರ್‌ನಲ್ಲಿ. ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಎಂದು ಮೈಕ್ರೋಸಾಫ್ಟ್ ಆಗ ಹೇಳಿತು.

ಹಂತಗಳು ಹೀಗಿವೆ. 2026ರ ಜನವರಿ 15ರಿಂದ ವಿಂಡೋಸ್ 11ಕ್ಕೆ ಹೊಸ ಪ್ರಿಂಟರ್ ಡ್ರೈವರ್‌ಗಳನ್ನು ಸಾಮಾನ್ಯವಾಗಿ ಅಪ್‌ಡೇಟ್‌ನಲ್ಲಿ ಹಾಕುವುದಿಲ್ಲ. 2026ರ ಜುಲೈ 1ರಿಂದ, ಎರಡು ಡ್ರೈವರ್ ಹೊಂದುವಂತಿದ್ದರೆ ವಿಂಡೋಸ್ ತನ್ನದೇ ಸಾಮಾನ್ಯ ಡ್ರೈವರನ್ನು ಮೊದಲು ಆರಿಸುತ್ತದೆ. 2027ರ ಜುಲೈ 1ರ ನಂತರ ಭದ್ರತೆಯ ತೇಪೆ ಬಿಟ್ಟು ಬೇರೇನನ್ನೂ ಕಂಪನಿಗಳು ಆ ದಾರಿಯಲ್ಲಿ ಕಳಿಸುವಂತಿಲ್ಲ.

ಗಮನಿಸಿ, ಇಲ್ಲಿ ಮುಚ್ಚುತ್ತಿರುವುದು ಹಂಚುವ ದಾರಿ. ಕಂಪನಿಯ ವೆಬ್‌ಸೈಟಿನಿಂದ ಡ್ರೈವರ್ ಇಳಿಸಿಕೊಂಡು ಹಾಕುವುದಕ್ಕೆ ಅಡ್ಡಿ ಇಲ್ಲ. ಈಗ ವಿಂಡೋಸ್ ಜೊತೆ ನಡೆಯುತ್ತಿರುವ ಪ್ರಿಂಟರ್ ಮುಂದೆಯೂ ನಡೆಯುತ್ತದೆ ಎಂದು ಮೈಕ್ರೋಸಾಫ್ಟ್ ಆಮೇಲೆ ಸ್ಪಷ್ಟನೆಯನ್ನೂ ಕೊಟ್ಟಿತು. ಹಾಗಾದರೆ ಹೆದರುವುದು ಸುಮ್ನೆನಾ? ಪೂರ್ತಿ ಹಾಗೂ ಅಲ್ಲ. ಅದಕ್ಕೆ ಸ್ವಲ್ಪ ಒಳಗೆ ಇಳಿಯಬೇಕು.

ಟವೆಲ್ ಕೆಳಗಿನ ಬೆರಳು

ದನದ ಸಂತೆಗೆ ಹೋದವರು ನೋಡಿರುತ್ತಾರೆ. ದಲ್ಲಾಳಿ ಕೊಳ್ಳುವವನ ಕೈ ಹಿಡಿದು, ಮೇಲೆ ಟವೆಲ್ ಮುಚ್ಚುತ್ತಾನೆ. ಬಾಯಲ್ಲಿ ಒಂದು ಮಾತಿಲ್ಲ. ಯಾವ ಬೆರಳು ಒತ್ತಿದರೆ ಎಷ್ಟು ಸಾವಿರ ಅನ್ನುವುದು ಇಬ್ಬರಿಗೂ ಗೊತ್ತು. ವ್ಯವಹಾರ ಮುಗಿಯುತ್ತದೆ.

ಆಪರೇಟಿಂಗ್ ಸಿಸ್ಟಂ ಮತ್ತು ಡ್ರೈವರ್ ನಡುವೆ ಇರುವುದೂ ಇಂಥದ್ದೇ ಒಪ್ಪಂದ. ಅದರ ಹೆಸರು ಇಂಟರ್‌ಫೇಸ್. ವಿಂಡೋಸ್‌ಗೆ "ಈ ಪುಟ ಅಚ್ಚು ಹಾಕು" ಅನ್ನಲು ಬರುತ್ತದೆ. ನಿಮ್ಮ ಟೇಬಲ್ ಮೇಲಿನ ಪ್ರಿಂಟರ್‌ಗೆ ಅದನ್ನು ಯಾವ ಭಾಷೆಯಲ್ಲಿ ಹೇಳಬೇಕು ಅನ್ನುವುದು ವಿಂಡೋಸ್‌ಗೆ ಗೊತ್ತಿಲ್ಲ. ಅದು ಡ್ರೈವರ್‌ನ ಕೆಲಸ. ಅದನ್ನು ಬರೆಯುವವರು ಹೆಚ್ಚಾಗಿ ಪ್ರಿಂಟರ್, ಸ್ಕ್ಯಾನರ್, ತೂಕದ ಮಷೀನು ಮಾಡುವ ಕಂಪನಿಯವರು. ಸಿಸ್ಟಂ ಅವರದಲ್ಲ, ಅದರ ನಿಯಮ ಮಾಡುವವರೂ ಅವರಲ್ಲ. ಅದಕ್ಕೇ ಅವರಿಗೆ ಥರ್ಡ್ ಪಾರ್ಟಿ ಅನ್ನುವ ಹೆಸರು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ವರ್ಡ್‌ನಂಥ ಸಾಫ್ಟ್‌ವೇರ್ ತಪ್ಪು ಮಾಡಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಅನೇಕ ಡ್ರೈವರ್‌ಗಳು ಕೆಲಸ ಮಾಡುವುದು ಸಿಸ್ಟಂನ ಗರ್ಭಗುಡಿಯಲ್ಲಿ, ಅಂದರೆ ಕರ್ನಲ್ ಒಳಗೆ. ಅಲ್ಲಿ ಒಂದು ತಪ್ಪಾದರೆ ಇಡೀ ಕಂಪ್ಯೂಟರ್ ನೀಲಿ ಪರದೆ ತೋರಿಸಿ ಕುಸಿಯುತ್ತದೆ.

ಬೆರಳಿನ ಅರ್ಥ ಬದಲಾದರೆ

ಇಂಟರ್‌ಫೇಸ್ ಬದಲಾಯಿತು ಅಂದಾಗ ಜನ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ. ಒಳಗೆ ಬೇರೆ ಬೇರೆ ಸರಕಿದೆ.

ಕೆಲವು ಸಲ ಬೆರಳಿನ ಅರ್ಥವೇ ಬದಲಾಗುತ್ತದೆ. 2007ರ ವಿಂಡೋಸ್ ವಿಸ್ಟಾ ಇದಕ್ಕೆ ದೊಡ್ಡ ಉದಾಹರಣೆ. ಗ್ರಾಫಿಕ್ಸ್ ಡ್ರೈವರ್‌ಗಳ ಇಡೀ ಮಾದರಿಯನ್ನೇ ಮೈಕ್ರೋಸಾಫ್ಟ್ ಹೊಸದಾಗಿ ಕಟ್ಟಿತು. ಅದರ ಹಿಂದಿನ ವಿಂಡೋಸ್ ಎಕ್ಸ್‌ಪಿಗೆ ಬರೆದದ್ದನ್ನು ಅದರಲ್ಲಿ ಹಾಗೇ ಕೂರಿಸಲು ಆಗಲಿಲ್ಲ. ಮುಂದೆ ಒಂದು ಕೋರ್ಟ್ ಕೇಸಿನಲ್ಲಿ ಮೈಕ್ರೋಸಾಫ್ಟ್‌ನ ಒಳಗಿನ ದಾಖಲೆ ಹೊರಬಂತು. 2007ರ ಒಂದು ಅವಧಿಯಲ್ಲಿ ದಾಖಲಾದ ವಿಸ್ಟಾ ಕ್ರ್ಯಾಶ್‌ಗಳಲ್ಲಿ ಸುಮಾರು 29% ಗ್ರಾಫಿಕ್ಸ್ ಚಿಪ್ಪು ಮಾಡುವ ಎನ್ವಿಡಿಯಾ ಕಂಪನಿಯ ಡ್ರೈವರ್‌ನಿಂದ ಆದವು ಎಂದು ಅದರಲ್ಲಿತ್ತು. ಜನ ಬೈದದ್ದು ವಿಸ್ಟಾವನ್ನು. 2009ರಲ್ಲಿ ವಿಂಡೋಸ್ 7 ಬಂದಾಗ ಎಲ್ಲರೂ ಹೊಗಳಿದರು. ಆದರೆ ಅದು ಹೆಚ್ಚೂಕಡಿಮೆ ವಿಸ್ಟಾದ ಡ್ರೈವರ್ ಮಾದರಿಯನ್ನೇ ಇಟ್ಟುಕೊಂಡಿತ್ತು. ಆ ಎರಡು ವರ್ಷದಲ್ಲಿ ಡ್ರೈವರ್ ಬರೆಯುವವರು ತಮ್ಮ ಪಾಲಿನ ಕೆಲಸ ಮುಗಿಸಿದ್ದರು. ವಿಂಡೋಸ್ 7ಕ್ಕೆ ಸಿಕ್ಕ ಹೊಗಳಿಕೆಯಲ್ಲಿ ಅರ್ಧ ಅವರಿಗೆ ಸೇರಬೇಕಿತ್ತು.

ಇನ್ನು ಕೆಲವು ಸಲ ಬೆರಳಿನ ಅರ್ಥ ಹಾಗೇ ಇರುತ್ತದೆ, ಸಂತೆಗೆ ಯಾರು ಬರಬಹುದು ಅನ್ನುವ ನಿಯಮ ಬದಲಾಗುತ್ತದೆ. 64 ಬಿಟ್ ವಿಸ್ಟಾದಿಂದ ಕರ್ನಲ್ ಡ್ರೈವರ್‌ಗೆ ಡಿಜಿಟಲ್ ಸಹಿ ಕಡ್ಡಾಯವಾಯಿತು. 2016ರ ವಿಂಡೋಸ್ 10 ಆವೃತ್ತಿಯಿಂದ ಹೊಸ ಡ್ರೈವರ್‌ಗೆ ಮೈಕ್ರೋಸಾಫ್ಟ್‌ನದೇ ಸಹಿ ಬೇಕಾಯಿತು. ವಿಂಡೋಸ್ 10ರಲ್ಲೇ ಬಂದಿದ್ದ ಮೆಮೊರಿ ಇಂಟೆಗ್ರಿಟಿ ಅನ್ನುವ ಕಾವಲು ವಿಂಡೋಸ್ 11ರ ಹೊಸ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ತಾನಾಗೇ ಆನ್ ಇರುತ್ತದೆ. ಅದು ಆನ್ ಇದ್ದರೆ ಹಳೆ ಪದ್ಧತಿಯಲ್ಲಿ ಬರೆದ ಎಷ್ಟೋ ಡ್ರೈವರ್‌ಗಳು ಬಾಗಿಲಲ್ಲೇ ನಿಲ್ಲುತ್ತವೆ. ಮೇಲಾಗಿ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 32 ಬಿಟ್ ಕರ್ನಲ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಡ್ರೈವರ್ ಫೈಲಿನಲ್ಲಿ ಒಂದಕ್ಷರ ಬದಲಾಗಿಲ್ಲ, ಆದರೂ ಅದು ಸತ್ತಂತೆ.

ಪ್ರಿಂಟರ್ ಸುದ್ದಿ ಈ ಎರಡೂ ಅಲ್ಲ. ಅಲ್ಲಿ ಸಂತೆಗೆ ಬರುವ ಬಸ್ಸು ನಿಲ್ಲುತ್ತಿದೆ, ಅಷ್ಟೇ. ನಡೆದುಕೊಂಡು ಬರಬಹುದು.

ಗಂಜಿನ ಕಾಂಟಾ

ಇದೆಲ್ಲ ನಮ್ಮ ಕಡೆ ಎಲ್ಲಿ ತಾಕುತ್ತದೆ ಅಂದರೆ, ನನ್ನ ಪ್ರಕಾರ ಪ್ರಿಂಟರ್‌ಗಿಂತ ಮೊದಲು ತೂಕದಲ್ಲಿ.

ಕಲಬುರಗಿಯ ಗಂಜ್ ಅಂದರೆ ಧಾನ್ಯದ ಮಾರುಕಟ್ಟೆ, ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್‌ಗಳು, ರಸ್ತೆ ಬದಿಯ ವೇಬ್ರಿಡ್ಜ್‌ಗಳು. ತೊಗರಿ ಲಾರಿ ಕಾಂಟಾದ, ಅಂದರೆ ತೂಕದ ಯಂತ್ರದ ಮೇಲೆ ನಿಂತರೆ ತೂಕ ನೇರವಾಗಿ ಕಂಪ್ಯೂಟರ್‌ಗೆ ಹೋಗಬೇಕು, ಚೀಟಿ ಅಚ್ಚಾಗಬೇಕು. ಕಾಂಟಾದ ಡಿಸ್‌ಪ್ಲೇ ಡಬ್ಬಿಯ ಹಿಂದೆ ಹೆಚ್ಚಾಗಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತದೆ. ಹೊಸ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟ್ ಅಪರೂಪ. ಹಾಗಾಗಿ ನಡುವೆ ಒಂದು ಕೇಬಲ್ ಬರುತ್ತದೆ. ಒಂದು ತುದಿ ಸೀರಿಯಲ್, ಇನ್ನೊಂದು ತುದಿ ಯುಎಸ್‌ಬಿ. ಲಕ್ಷಾಂತರ ರೂಪಾಯಿಯ ವೇಬ್ರಿಡ್ಜ್ ಈ ಸಣ್ಣ ಕೇಬಲ್ಲನ್ನು ನಂಬಿ ನಿಂತಿರುತ್ತದೆ.

ಆ ಕೇಬಲ್ ಒಳಗೆ ಒಂದು ಚಿಪ್ ಇದೆ, ಅದಕ್ಕೊಂದು ಡ್ರೈವರ್ ಬೇಕು. ಬಹಳ ಕಡೆ ಸಿಗುವುದು ತೈವಾನಿನ ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್ಪು, ಇಲ್ಲವೇ ಅದರ ನಕಲು. ನಕಲಿನ ಕಾಟ ಜಾಸ್ತಿಯಾಗಿ ಪ್ರೊಲಿಫಿಕ್ ತನ್ನ ಹಳೆ ಚಿಪ್ಪಿಗೆ ಹೊಸ ಡ್ರೈವರ್‌ನಲ್ಲಿ ಜಾಗ ಕೊಡುವುದನ್ನು ನಿಲ್ಲಿಸಿತು. ಅಂಥ ಕೇಬಲ್ ಚುಚ್ಚಿದರೆ, ಈ ಚಿಪ್ಪು 2012ರಿಂದ ನಿಂತಿದೆ, ಮಾರಿದವರನ್ನು ಕೇಳಿ ಅನ್ನುವ ಅರ್ಥದ ಸಂದೇಶ ವಿಂಡೋಸ್‌ನ ಉಪಕರಣಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲಿ ಬರುತ್ತದೆ. ಮಾರಿದವರು ಯಾರು? ಸಂತೆಯಲ್ಲಿ ಕೊಂಡ ಕೇಬಲ್ಲಿಗೆ ಮಾರಿದವರನ್ನು ಎಲ್ಲಿ ಹುಡುಕುವುದು?

ಕಾಂಟಾ ಸರಿ ಇದೆ. ಡಿಸ್‌ಪ್ಲೇ ಸರಿ ಇದೆ. ಕೇಬಲ್ಲೂ ನಿನ್ನೆಯವರೆಗೆ ಹಳೆ ಕಂಪ್ಯೂಟರ್‌ನಲ್ಲಿ ನಡೆಯುತ್ತಿತ್ತು. ವಿಂಡೋಸ್ ಕೂಡ ತಪ್ಪು ಮಾಡಿಲ್ಲ. ರಿಪೇರಿಯವರು ಹಳೆ ಡ್ರೈವರ್ ಹುಡುಕಿ ಕೂರಿಸುತ್ತಾರೆ, ತೂಕ ಬರುತ್ತದೆ. ಕೆಲವು ದಿನದ ಮೇಲೆ ಅಪ್‌ಡೇಟ್ ಬಂದು ಹೊಸ ಡ್ರೈವರನ್ನು ಮತ್ತೆ ಮೇಲೆ ಕೂರಿಸಿದರೆ ಕತೆ ಮೊದಲಿಗೇ ಬರುತ್ತದೆ. ಸೀಜನ್‌ನಲ್ಲಿ ಹೀಗಾದರೆ ಲಾರಿಗಳ ಸಾಲು ಹೆದ್ದಾರಿಗೆ ಬರುತ್ತದೆ, ಅಲ್ವಾ?

ನಕಲಿನ ಜಗಳ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ 2014ರ ಎಫ್‌ಟಿಡಿಐ ಪ್ರಸಂಗ ಇದೆ. ಇದೂ ಇಂಥ ಚಿಪ್ಪು ಮಾಡುವ ಕಂಪನಿ, ಸ್ಕಾಟ್ಲೆಂಡಿನದು. ಅದರ ಹೊಸ ಡ್ರೈವರ್ ನಕಲಿ ಚಿಪ್ಪು ಕಂಡರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡುತ್ತಿತ್ತು. ಅದೂ ವಿಂಡೋಸ್ ಅಪ್‌ಡೇಟ್ ಮೂಲಕ ಬಂದದ್ದು. ನಕಲಿ ಅಂತ ಗೊತ್ತಿಲ್ಲದೆ ಕೊಂಡವರ ಉಪಕರಣಗಳು ಏಕಾಏಕಿ ಸುಮ್ಮನಾದವು. ಗಲಾಟೆಯಾಗಿ ಆ ಡ್ರೈವರನ್ನು ವಾಪಸ್ ಪಡೆಯಬೇಕಾಯಿತು.

ಇಲ್ಲೇ ವಿಷಯದ ಗಂಟು ಇರುವುದು. ಇಂಟರ್‌ಫೇಸ್ ಬದಲಾವಣೆ ತಾನೇ ಡ್ರೈವರನ್ನು ಕೊಲ್ಲುವುದು ಕಡಿಮೆ. ಈ ಹಳೆ ಉಪಕರಣಕ್ಕೆ ಮತ್ತೆ ಕೈ ಹಾಕಬೇಕಾ ಅನ್ನುವ ಪ್ರಶ್ನೆಯನ್ನು ಅದು ಕಂಪನಿಯ ಮೇಜಿನ ಮೇಲೆ ತಂದಿಡುತ್ತದೆ. ಪ್ರಶ್ನೆ ಬರದಿದ್ದರೆ ಹಳೆಯದು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಪ್ರಶ್ನೆ ಬಂತು ಅಂದರೆ ಉತ್ತರ ಬಹಳ ಸಲ "ಬೇಡ".

ಆ "ಬೇಡ" ಹೇಗೆ ಹುಟ್ಟುತ್ತದೆ

ಕಂಪನಿಯ ಕಡೆಯಿಂದ ನೋಡಿ. ಆರು ವರ್ಷದ ಹಿಂದೆ ಮಾರಿದ ಸ್ಕ್ಯಾನರ್. ಅದರ ಹಣ ಬಂದು ಖರ್ಚೂ ಆಗಿದೆ. ಡ್ರೈವರ್ ಬರೆದ ಎಂಜಿನಿಯರ್ ಬೇರೆ ಕಂಪನಿ ಸೇರಿದ್ದಾನೆ. ಈಗ ಹೊಸ ನಿಯಮ ಬಂದಿದೆ. ಕೋಡ್ ತಿದ್ದಬೇಕು, ಮೈಕ್ರೋಸಾಫ್ಟ್‌ಗೆ ಕಳಿಸಲು ದುಬಾರಿ ದರ್ಜೆಯ ಪ್ರಮಾಣಪತ್ರ ಕೊಳ್ಳಬೇಕು, ಅದನ್ನು ಆಗಾಗ ನವೀಕರಿಸಬೇಕು. ಪ್ರತಿ ವಿಂಡೋಸ್ ಆವೃತ್ತಿಯ ಮೇಲೂ ಪರೀಕ್ಷೆ ಮಾಡಬೇಕು. ಆರ್ಮ್ ಚಿಪ್ಪಿನ ಲ್ಯಾಪ್‌ಟಾಪ್‌ಗಳಿಗೆ ಬೇರೆಯದೇ ಡ್ರೈವರ್ ಕಟ್ಟಬೇಕು. ಅಲ್ಲಿ ಬೇರೆ ಚಿಪ್ಪಿಗೆ ಬರೆದ ಸಾಮಾನ್ಯ ಸಾಫ್ಟ್‌ವೇರನ್ನು ಅನುಕರಣೆಯಿಂದ ಓಡಿಸುವ ಆಸರೆ ಇದೆ, ಕರ್ನಲ್ ಡ್ರೈವರ್‌ಗೆ ಆ ಆಸರೆ ಇಲ್ಲ.

ಇಷ್ಟೆಲ್ಲ ಮಾಡಿದರೆ ಬರುವ ಹೊಸ ಆದಾಯ ಸೊನ್ನೆ. ದೊಡ್ಡ ಕಂಪನಿ ಹೆಸರು ಉಳಿಸಿಕೊಳ್ಳಲು ಮಾಡಬಹುದು. ಹತ್ತು ಜನರ ಕಂಪನಿ ಹೊಸ ಮಾಡೆಲ್ ಕೊಳ್ಳಿ ಅನ್ನುತ್ತದೆ. ಇದನ್ನು ಮೋಸ ಅನ್ನುವುದು ಸುಲಭ. ಆದರೆ ನಿಯಮ ಮಾಡಿದವರು ಬೇರೆ, ಖರ್ಚು ಹೊತ್ತವರು ಬೇರೆ, ಬೈಸಿಕೊಳ್ಳುವವರು ಕೌಂಟರಿನಲ್ಲಿ ಕೂತ ರಿಪೇರಿಯವರು.

ಮೈಕ್ರೋಸಾಫ್ಟ್‌ಗೂ ಕಾರಣ ಇದೆ

2021ರ ಜುಲೈನಲ್ಲಿ ಪ್ರಿಂಟ್‌ನೈಟ್‌ಮೇರ್ ಅನ್ನುವ ದೊಡ್ಡ ದೋಷ ಬಯಲಾಯಿತು. ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ ಸ್ಪೂಲರ್‌ಗೆ ಇಡೀ ಸಿಸ್ಟಂನ ಅಧಿಕಾರ ಇರುತ್ತದೆ. ಪ್ರಿಂಟರ್ ಡ್ರೈವರ್ ಹಾಕುವ ನೆಪದಲ್ಲಿ ಸಾಮಾನ್ಯ ಬಳಕೆದಾರನೂ ತನ್ನ ಕೋಡನ್ನು ಆ ಅಧಿಕಾರದಲ್ಲಿ ಓಡಿಸಬಹುದಿತ್ತು. ಮುಂದಿನ ತಿಂಗಳೇ ಪ್ರಿಂಟರ್ ಡ್ರೈವರ್ ಹಾಕಲು ಅಡ್ಮಿನ್ ಆಗಿರಲೇಬೇಕು ಅನ್ನುವ ನಿಯಮ ಬಂತು. ಪ್ರಿಂಟರ್ ಡ್ರೈವರ್‌ಗಳಿಂದಲೇ ದೂರ ಸರಿಯುವ ಯೋಜನೆಯ ಹಿಂದೆ ಇಂಥ ನೋವಿದೆ.

2024ರ ಜುಲೈ 19 ಇನ್ನೂ ದೊಡ್ಡದು. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಫೈಲನ್ನು ಅದರ ಕರ್ನಲ್ ಡ್ರೈವರ್ ಸರಿಯಾಗಿ ಓದಲಾಗದೆ ಮುಗ್ಗರಿಸಿತು. ಮೈಕ್ರೋಸಾಫ್ಟ್ ಅಂದಾಜಿನಲ್ಲಿ 85 ಲಕ್ಷ ಕಂಪ್ಯೂಟರ್ ನೀಲಿಯಾದವು. ವಿಮಾನ ನಿಂತವು, ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆಮೇಲೆ ಭದ್ರತಾ ಸಾಫ್ಟ್‌ವೇರನ್ನು ಕರ್ನಲ್‌ನಿಂದ ಹೊರಗೆ ಕೂರಿಸುವ ಕೆಲಸ ಚುರುಕಾಯಿತು.

ಇದಕ್ಕೆ ಎದುರು ವಾದವೂ ಗಟ್ಟಿಯಿದೆ. ಎಲ್ಲರನ್ನೂ ಹೊರಗೆ ಹಾಕಿ, ಮೈಕ್ರೋಸಾಫ್ಟ್‌ನದೇ ಭದ್ರತಾ ಸಾಫ್ಟ್‌ವೇರ್ ಆದ ಡಿಫೆಂಡರ್ ಮಾತ್ರ ಒಳಗಿದ್ದರೆ ಅದು ಸ್ಪರ್ಧೆ ಹೇಗಾಗುತ್ತದೆ? 2009ರಲ್ಲಿ ಯುರೋಪಿಯನ್ ಕಮಿಷನ್‌ಗೆ ಮೈಕ್ರೋಸಾಫ್ಟ್ ಮಾತು ಕೊಟ್ಟಿತ್ತು. ತನ್ನ ಭದ್ರತಾ ಸಾಫ್ಟ್‌ವೇರ್ ಬಳಸುವ ದಾರಿಗಳನ್ನು ಬೇರೆಯವರಿಗೂ ಕೊಡುವುದಾಗಿ. ಕ್ರೌಡ್‌ಸ್ಟ್ರೈಕ್ ಘಟನೆಯ ನಂತರ ಕಂಪನಿ ಇದೇ ಮಾತನ್ನು ನೆನಪಿಸಿ, ಅದಕ್ಕೇ ಬಾಗಿಲು ಮುಚ್ಚಲಾಗಲಿಲ್ಲ ಅಂದಿತು. ಬಾಗಿಲು ಮುಚ್ಚುವವನೇ ಒಳಗೆ ಅಂಗಡಿ ಇಟ್ಟಿದ್ದರೆ ಅನುಮಾನ ಬರುವುದು ಸಹಜ.

ಲಿನಕ್ಸ್‌ನವರ ಲೆಕ್ಕ ಬೇರೆ

ಹಾಗಾದರೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕೋಣ ಅನ್ನುವವರು ಒಂದು ವಿಷಯ ತಿಳಿದಿರಬೇಕು. ಮೈಕ್ರೋಸಾಫ್ಟ್ ಹಳೆ ಡ್ರೈವರ್ ಇಂಟರ್‌ಫೇಸ್‌ಗಳನ್ನು ವರ್ಷಗಟ್ಟಲೆ ಉಳಿಸಲು ಒದ್ದಾಡುತ್ತದೆ. ಲಿನಕ್ಸ್ ಆ ಮಾತನ್ನೇ ಕೊಡುವುದಿಲ್ಲ. ಸಾಮಾನ್ಯ ಸಾಫ್ಟ್‌ವೇರ್ ಮುರಿಯಬಾರದು ಅನ್ನುವುದರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಬಹಳ ಕಟ್ಟುನಿಟ್ಟು. ಆದರೆ ಕರ್ನಲ್ ಒಳಗಿನ ಇಂಟರ್‌ಫೇಸ್ ಯಾವಾಗ ಬೇಕಾದರೂ ಬದಲಾಗಬಹುದು. ಕರ್ನಲ್ ನೋಡಿಕೊಳ್ಳುವವರಲ್ಲಿ ಒಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ, ಕರ್ನಲ್ ಜೊತೆಗೇ ಬರುವ ಒಂದು ಟಿಪ್ಪಣಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಯುಎಸ್‌ಬಿ ಇಂಟರ್‌ಫೇಸನ್ನೇ ಕನಿಷ್ಠ ಮೂರು ಸಲ ಹೊಸದಾಗಿ ಕಟ್ಟಿದ್ದೇವೆ ಎಂಬ ಮಾತೂ ಅದರಲ್ಲಿದೆ.

ಟೈಮರ್ ಉದಾಹರಣೆ ನೋಡಿ. "ಇಷ್ಟು ಹೊತ್ತಾದ ಮೇಲೆ ನನ್ನನ್ನು ಎಬ್ಬಿಸು" ಎಂದು ಡ್ರೈವರ್ ಕರ್ನಲ್‌ಗೆ ಹೇಳುವ ಸಣ್ಣ ಸೌಲಭ್ಯ ಅದು. 2018ರ ಜನವರಿಯಲ್ಲಿ ಬಂದ 4.15 ಕರ್ನಲ್ ಹೊತ್ತಿಗೆ ಹಳೆ ಸೆಟಪ್ ಟೈಮರ್ ಹೋಗಿ ಟೈಮರ್ ಸೆಟಪ್ ಬಂತು. ಹೆಸರು ತಿರುವುಮುರುವಾದದ್ದಷ್ಟೇ ಅಲ್ಲ, ಎಬ್ಬಿಸುವಾಗ ಕೈಗೆ ಕೊಡುವ ವಸ್ತುವೂ ಬೇರೆಯಾಯಿತು. 2025ರಲ್ಲಿ ಡೆಲ್ ಟೈಮರ್ ಅನ್ನುವ ಹೆಸರು ಹೋಗಿ ಟೈಮರ್ ಡಿಲೀಟ್ ಆಯಿತು. ಒಂದೊಂದೂ ಸಣ್ಣದು. ಆದರೆ ಒಂದು ಹೆಸರು ಸಿಗದಿದ್ದರೂ ಡ್ರೈವರ್ ಕಂಪೈಲ್ ಆಗುವುದಿಲ್ಲ, ಅಂದರೆ ಬರೆದ ಕೋಡ್ ಯಂತ್ರ ಓಡಿಸುವ ರೂಪಕ್ಕೆ ಬರುವುದಿಲ್ಲ. ಹೊಸ ಕರ್ನಲ್ ಬರುವುದು ಒಂಬತ್ತು ಹತ್ತು ವಾರಕ್ಕೊಮ್ಮೆ.

ಇದು ದರ್ಪದಂತೆ ಕಂಡರೂ ಒಳಗೆ ಒಂದು ನ್ಯಾಯ ಇದೆ. ಇಂಟರ್‌ಫೇಸ್ ಬದಲಿಸಿದವರೇ ಅದನ್ನು ಬಳಸುವ ಎಲ್ಲ ಡ್ರೈವರ್‌ಗಳನ್ನೂ ತಿದ್ದಿಕೊಡಬೇಕು. ಷರತ್ತು ಒಂದೇ. ಆ ಡ್ರೈವರ್ ಕರ್ನಲ್‌ನ ಮೂಲ ಕೋಡಿನಲ್ಲೇ ಸೇರಿರಬೇಕು. ಸೇರಿದ್ದರೆ, ಬರೆದ ಕಂಪನಿ ಮುಚ್ಚಿಹೋದರೂ ಡ್ರೈವರ್ ಬಹಳ ಕಾಲ ಉಳಿಯುತ್ತದೆ. ಪ್ರೊಲಿಫಿಕ್, ಎಫ್‌ಟಿಡಿಐ ಎರಡರ ಚಿಪ್ಪಿಗೂ ಲಿನಕ್ಸ್‌ನ ಒಳಗೇ ಡ್ರೈವರ್ ಇದೆ. ಕಾಂಟಾದ ಕೇಬಲ್ ಅಲ್ಲಿ ಸಾಮಾನ್ಯವಾಗಿ ಗಲಾಟೆಯಿಲ್ಲದೆ ನಡೆಯುತ್ತದೆ.

ಕಂಪನಿಗಳು ಯಾಕೆ ಸೇರಿಸುವುದಿಲ್ಲ? ಸೇರಿಸಬೇಕಾದರೆ ಕೋಡ್ ಎಲ್ಲರಿಗೂ ಬಿಚ್ಚಿಡಬೇಕು, ಕಟುವಾದ ಪರಿಶೀಲನೆ ದಾಟಬೇಕು. ಗುಟ್ಟು ಬಿಡಲು ಮನಸ್ಸಿಲ್ಲದವರು ಹೊರಗೇ ಉಳಿದು ಪ್ರತಿ ಕರ್ನಲ್‌ಗೂ ಬೆನ್ನು ಬಾಗಿಸುತ್ತಾರೆ. ಅವರ ಹೊರೆ ಇಳಿಸಲು ಡೆಲ್ ಕಂಪನಿ ಡಿಕೆಎಂಎಸ್ ಅನ್ನುವ ಸಾಧನ ತಂದಿತು. ಹೊಸ ಕರ್ನಲ್ ಬಂದಾಗಲೆಲ್ಲ ಅದು ಡ್ರೈವರನ್ನು ತಾನೇ ಮತ್ತೆ ಕಂಪೈಲ್ ಮಾಡುತ್ತದೆ. ಕೋಡೇ ಹೊಂದದಿದ್ದರೆ ಅದೂ ಕೈ ಚೆಲ್ಲುತ್ತದೆ. ಎನ್ವಿಡಿಯಾದಂಥ ಕಂಪನಿ ಕೂಡ 2022ರಲ್ಲಿ ತನ್ನ ಕರ್ನಲ್ ಭಾಗದ ಕೋಡನ್ನು ತೆರೆದಿಟ್ಟಿತು.

ಆ್ಯಪಲ್ 2019ರಿಂದ ಡ್ರೈವರ್‌ಗಳನ್ನು ಕರ್ನಲ್‌ನಿಂದ ಹೊರಗೆ ಸಾಗಿಸುತ್ತಿದೆ, ಅದಕ್ಕೆ ಆ್ಯಪಲ್‌ನ ಅನುಮತಿ ಬೇಕು. ಗೂಗಲ್ ಆಂಡ್ರಾಯ್ಡ್‌ನಲ್ಲಿ ನಡುದಾರಿ ಹಿಡಿಯಿತು. ಒಂದೊಂದು ಕರ್ನಲ್ ಶಾಖೆಯ ಆಯುಷ್ಯ ಮುಗಿಯುವ ತನಕ ಡ್ರೈವರ್‌ಗಳಿಗೆ ಬೇಕಾದ ಇಂಟರ್‌ಫೇಸನ್ನು ಗಟ್ಟಿಯಾಗಿ ಹಿಡಿದಿಡುತ್ತದೆ.

ನಮ್ಮ ಅಂಗಡಿಗಳಲ್ಲಿ ಏನಾಗಬಹುದು

ಪ್ರಿಂಟರ್‌ಗೆ ಮರಳೋಣ. ಮೈಕ್ರೋಸಾಫ್ಟ್ ವಾಲುತ್ತಿರುವುದು ಐಪಿಪಿ ಅನ್ನುವ, ಬೇರೆ ಬೇರೆ ಕಂಪನಿಯ ಪ್ರಿಂಟರ್‌ಗಳಿಗೂ ಒಂದೇ ಆದ ಸಾಮಾನ್ಯ ಭಾಷೆಯ ಕಡೆ. ಮೋಪ್ರಿಯಾ ಗುರುತಿರುವ ಹೊಸ ಪ್ರಿಂಟರ್‌ಗಳಿಗೆ ಆ ಭಾಷೆ ಬರುತ್ತದೆ. ಅವುಗಳಿಗೆ ಬೇರೆ ಡ್ರೈವರ್ ಬೇಕಿಲ್ಲ, ಮೊಬೈಲಿನಿಂದ ಪ್ರಿಂಟ್ ಕೊಟ್ಟಂತೆ.

ಆದರೆ ನಮ್ಮ ಜೆರಾಕ್ಸ್ ಅಂಗಡಿಗಳ ಹಳೆ ಕುದುರೆಗಳು ಬೇರೆ. ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020. ಸ್ವಂತ ಬುದ್ಧಿ ಕಡಿಮೆ ಇಟ್ಟು ಅಗ್ಗಕ್ಕೆ ಮಾಡಿದ ಪ್ರಿಂಟರ್‌ಗಳಿವು. ಪುಟ ತಯಾರಿಸುವ ಕೆಲಸ ಕಂಪ್ಯೂಟರ್‌ನಲ್ಲಿ ಅವುಗಳ ಸ್ವಂತ ಡ್ರೈವರ್ ಮಾಡುತ್ತದೆ. ಅದಿಲ್ಲದಿದ್ದರೆ ಅವು ಬರೀ ಡಬ್ಬ. ವರ್ಷಾನುಗಟ್ಟಲೆ ಕೆಡದೆ ದುಡಿಯುವ ಇವುಗಳ ಆಯುಷ್ಯ ಇನ್ನು ಮೇಲೆ ಯಂತ್ರದ ಸವೆತದಿಂದಲ್ಲ, ಕಂಪನಿ ಡ್ರೈವರ್ ಫೈಲನ್ನು ಎಷ್ಟು ದಿನ ವೆಬ್‌ಸೈಟಿನಲ್ಲಿ ಇಡುತ್ತದೆ ಅನ್ನುವುದರಿಂದ ತೀರ್ಮಾನವಾಗುತ್ತದೆ. ಇಂದೇ ಆ ಫೈಲನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಖರ್ಚೇನೂ ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಬಂದ ಪ್ರೊಟೆಕ್ಟೆಡ್ ಪ್ರಿಂಟ್ ಮೋಡನ್ನು ಮಾತ್ರ ಗೊತ್ತಿಲ್ಲದೆ ಆನ್ ಮಾಡಬೇಡಿ. ಅದನ್ನು ಒತ್ತಿದರೆ ಬೇರೆ ಕಂಪನಿಯ ಪ್ರಿಂಟರ್ ಡ್ರೈವರ್‌ಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ತಾನಾಗಿ ಅದು ಆನ್ ಇರುವುದಿಲ್ಲ.

ಅಡತಿ ಅಂಗಡಿಗಳ ಡಾಟ್ ಮ್ಯಾಟ್ರಿಕ್ಸ್‌ಗೆ ಇನ್ನೊಂದು ತೊಡಕು. ಡ್ರೈವರ್ ಸಿಗದಿದ್ದರೆ ವಿಂಡೋಸ್‌ನಲ್ಲೇ ಇರುವ, ಬರೀ ಅಕ್ಷರ ಕಳಿಸುವ ಸಾಮಾನ್ಯ ಡ್ರೈವರ್ ಹಾಕಿ ಇಂಗ್ಲಿಷ್ ಬಿಲ್ ತೆಗೆಯಬಹುದು. ಕನ್ನಡ ಬಿಲ್ ಬರುವುದಿಲ್ಲ. ಆ ಪ್ರಿಂಟರ್ ಹೊಟ್ಟೆಯಲ್ಲಿ ಕನ್ನಡ ಅಕ್ಷರ ಇರುವುದಿಲ್ಲ, ಕನ್ನಡವನ್ನು ಚಿತ್ರವಾಗಿ ಚುಕ್ಕಿಚುಕ್ಕಿ ಹೊಡೆಯಬೇಕು. ಅದಕ್ಕೆ ಸರಿಯಾದ ಡ್ರೈವರೇ ಬೇಕು. ರೈತನಿಗೆ ಓದಲು ಬರುವ ಪಟ್ಟಿ ಕೊಡುವವರಿಗೆ ಡ್ರೈವರ್ ಹೋದರೆ ನಷ್ಟ ಜಾಸ್ತಿ.

ಬೆರಳಚ್ಚು ಯಂತ್ರದ ಮಾತು ಚಿಕ್ಕದಾಗಿ. ಗ್ರಾಮ ಒನ್ ಕೇಂದ್ರಗಳಲ್ಲಿ, ಬ್ಯಾಂಕ್ ಮಿತ್ರರ ಬಳಿ ಇರುವ ಯಂತ್ರಕ್ಕೆ ಡ್ರೈವರ್ ಒಂದೇ ಸಾಲದು, ಯಂತ್ರವನ್ನು ಆಧಾರ್ ವ್ಯವಸ್ಥೆಗೆ ನೋಂದಾಯಿಸಿ ಜೋಡಿಸುವ ಆರ್‌ಡಿ ಸರ್ವಿಸ್ ಅನ್ನುವ ಸಾಫ್ಟ್‌ವೇರ್ ಕೂಡ ಬೇಕು. ಅಂದರೆ ಎರಡು ಕಡೆಯ ನಿಯಮ. ವಿಂಡೋಸ್ ಬದಲಾಗದೆ ಇದ್ದಾಗಲೂ ಎಲ್‌0ನಿಂದ ಎಲ್‌1ಗೆ, ಅಂದರೆ ಬೆರಳಚ್ಚನ್ನು ಯಂತ್ರದ ಒಳಗೇ ಗುಪ್ತಗೊಳಿಸುವ ಮಾದರಿಗೆ ಹೋಗಬೇಕಾದಾಗ ಹಳೆ ಯಂತ್ರ ಮೂಲೆ ಸೇರಿತು.

ಹಳೆ ಡ್ರೈವರ್‌ಗಾಗಿ ವಿಂಡೋಸ್ 10ರಲ್ಲೇ, ಕೆಲವು ಕಡೆ ವಿಂಡೋಸ್ 7ರಲ್ಲೇ ಉಳಿಯುವವರು ಬಹಳ. ಇಂಟರ್‌ನೆಟ್ ಇಲ್ಲದೆ ಬರೀ ತೂಕ ಬರೆಯುವ ಕಂಪ್ಯೂಟರ್ ಹಾಗೇ ಇದ್ದರೆ ನನಗೆ ತಪ್ಪು ಕಾಣುವುದಿಲ್ಲ. ಅದೇ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಲಾಗಿನ್, ಜಿಎಸ್‌ಟಿ, ಆಧಾರ್ ಕೆಲಸವೂ ನಡೆಯುತ್ತಿದ್ದರೆ ಮಾತ್ರ ಕೇಬಲ್ ಉಳಿಸಲು ತಿಜೋರಿ ತೆರೆದಿಟ್ಟಂತೆ. ಕೇಬಲ್ ಬದಲಿಸುವುದು ಅಗ್ಗ. ಹೊಸದು ಕೊಳ್ಳುವಾಗ ಚಿಪ್ಪು ಯಾವುದು, ವಿಂಡೋಸ್ 11ರಲ್ಲಿ ನಡೆಯುತ್ತದಾ ಅಂತ ಅಂಗಡಿಯಲ್ಲೇ ಚುಚ್ಚಿ ನೋಡಿ. ಸಿಡಿಸಿ ಅನ್ನುವ ಸಾಮಾನ್ಯ ಮಾದರಿಯ ಯುಎಸ್‌ಬಿ ಇರುವ ಕಾಂಟಾ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಡ್ರೈವರ್ 2015ರ ವಿಂಡೋಸ್ 10ರಿಂದ ವಿಂಡೋಸ್ ಜೊತೆಗೇ ಬರುತ್ತದೆ. ಹೊಸ ತೊಗರಿ ಗಂಜಿಗೆ ಬರಲು ಶುರುವಾಗುವುದು ಡಿಸೆಂಬರ್ ಹೊತ್ತಿಗೆ. ಚುಚ್ಚಿ ನೋಡುವ ಕೆಲಸಕ್ಕೆ ಅದರ ಮುಂಚಿನ ಖಾಲಿ ದಿನಗಳೇ ಸರಿ.